ಅಂಕವೂ ಯೋಗ್ಯತೆಯೂ

ವಿಜಯದಶಮಿಯು ಶ್ರೀಮದಾಚಾರ್ಯರ ಜಯಂತಿಯ ಪುಣ್ಯದಿನ. ಅಂದೇ ಎಳೆಯ ಮಕ್ಕಳಿಗೆ ಅಕ್ಷರಾಭ್ಯಾಸ ಮಾಡಿಸುವ ಸಂಪ್ರದಾಯವೂ ನಮ್ಮಲ್ಲಿ ನಡೆದುಬಂದಿದೆ. ಬಸವನಗುಡಿ, ಜಯನಗರ, ಬನಶಂಕರಿ, ಜೆ.ಪಿ. ನಗರಗಳ ದೇವಾಲಯಗಳಲ್ಲಿಯೂ ಮಠಗಳಲ್ಲಿಯೂ ಆ ದಿನ ತಂದೆತಾಯಿಗಳು ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಹರಿವಾಣದಲ್ಲಿ ಹರಡಿದ ಅಕ್ಕಿಯ ಮೇಲೆ ಅದರ ಬೆರಳು ಹಿಡಿದು ಮೊದಲ ಅಕ್ಷರವನ್ನು ಬರೆಸುತ್ತಾರೆ. ಆ ಅಕ್ಕಿಯ ಮೇಲೆ ಯಾವ ಮಗುವಿನ ಅಕ್ಷರವೂ ಇನ್ನೊಂದು ಮಗುವಿನ ಅಕ್ಷರಕ್ಕಿಂತ ಅಂದವಾಗಿರುವುದಿಲ್ಲ. ಆದರೆ ಹದಿನೈದು ವರ್ಷಗಳು ಕಳೆಯುವಷ್ಟರಲ್ಲಿ ಅಂದು ಅಕ್ಷರ ಕಲಿತವರಲ್ಲಿ ಒಬ್ಬನು ವೈದ್ಯ ವಿದ್ಯಾಲಯವನ್ನು ಸೇರುತ್ತಾನೆ. ಇನ್ನೊಬ್ಬನು ಅಂಗಡಿಯಲ್ಲಿ ಸಾಮಾನು ಎತ್ತಿಡುತ್ತಾನೆ. ಮೊದಲನೆಯವನನ್ನು ‘ಯೋಗ್ಯ’ನೆಂದೂ ಎರಡನೆಯವನನ್ನು ‘ಓದು ಹತ್ತದವನು’ ಎಂದೂ ಲೋಕವು ಕರೆಯುತ್ತದೆ. ಈ ತೀರ್ಮಾನವು ಎಷ್ಟರಮಟ್ಟಿಗೆ ಸತ್ಯ, ಎಷ್ಟರಮಟ್ಟಿಗೆ ಧರ್ಮ್ಯ ಎಂಬುದನ್ನು ವಿಚಾರಮಾಡುವುದೇ ಈ ಲೇಖನದ ಉದ್ದೇಶ.

ಅಧಿಕರಣದ ಕ್ರಮವನ್ನು ಅನುಸರಿಸಿ ಮೊದಲು ವಿಷಯವನ್ನೂ ಸಂಶಯವನ್ನೂ ನಿರೂಪಿಸೋಣ. ವಿದ್ಯಾಭ್ಯಾಸವೇ ಇಲ್ಲಿ ವಿಷಯ. ವಿದ್ಯಾಭ್ಯಾಸವು ಮನುಷ್ಯನಲ್ಲಿ ಹುದುಗಿರುವ ಯೋಗ್ಯತೆಯನ್ನು ಹೊರಗೆ ತರುವ ಸಾಧನವೋ, ಅಥವಾ ಮನೆತನದಿಂದ ಮೊದಲೇ ದೊರೆತಿರುವ ಸ್ಥಾನಮಾನಗಳಿಗೆ ಒಂದು ಮುದ್ರೆಯನ್ನೊತ್ತಿ ಅವನ್ನೇ ಯೋಗ್ಯತೆಯೆಂದು ಕರೆಯುವ ಸಾಧನವೋ ಎಂಬುದು ಸಂಶಯ. ‘ಯೋಗ್ಯತೆ’ ಎಂಬ ಪದವು ನಮ್ಮ ಸಿದ್ಧಾಂತದಲ್ಲಿ ಬಹು ಗಂಭೀರವಾದ ಅರ್ಥವುಳ್ಳದ್ದು. ಇಂದು ಅದೇ ಪದವನ್ನು ಕಾಲೇಜು ಪ್ರವೇಶದ ಪಟ್ಟಿಗಳಲ್ಲಿಯೂ ಮನೆಯ ಪಡಸಾಲೆಯ ಚರ್ಚೆಗಳಲ್ಲಿಯೂ ‘ಮೆರಿಟ್’ ಎಂಬುದಕ್ಕೆ ಪರ್ಯಾಯವಾಗಿ ಬಳಸುತ್ತಿದ್ದೇವೆ. ಒಂದೇ ಪದದ ಈ ಎರಡು ಅರ್ಥಗಳು ಬೆರೆತುಹೋಗಿರುವುದರಿಂದ ದೊಡ್ಡ ಅನರ್ಥವೇ ಸಂಭವಿಸಿದೆಯೆಂದು ನಮ್ಮ ಅಭಿಪ್ರಾಯ.

ಈ ವಿಷಯದಲ್ಲಿ ಸಮಾಜಶಾಸ್ತ್ರಜ್ಞರು ಏನು ಹೇಳಿದ್ದಾರೆಂಬುದನ್ನು ಸಂಕ್ಷೇಪವಾಗಿ ನೋಡಬಹುದು. ಫ್ರಾನ್ಸ್ ದೇಶದ ಎಮಿಲ್ ಡರ್ಕ್‌ಹೈಮ್ ಎಂಬ ಪಂಡಿತನು, ಒಂದು ಪೀಳಿಗೆಯು ತನ್ನ ಮುಂದಿನ ಪೀಳಿಗೆಯನ್ನು ಸಮಾಜಜೀವನಕ್ಕೆ ಕ್ರಮವಾಗಿ ಸಿದ್ಧಗೊಳಿಸುವುದೇ ಶಿಕ್ಷಣವೆಂದು ಪ್ರತಿಪಾದಿಸಿದನು. ಆತನ ದೃಷ್ಟಿಯಲ್ಲಿ ಶಾಲೆಯು ಸಮಾಜವನ್ನು ಒಂದಾಗಿ ಹಿಡಿದಿಡುವ ಸೂತ್ರ. ಅಮೆರಿಕದ ಟಾಲ್ಕಟ್ ಪಾರ್ಸನ್ಸ್ ೧೯೫೯ರಲ್ಲಿ ಬರೆದ ಪ್ರಬಂಧವೊಂದರಲ್ಲಿ ಶಾಲೆಗೆ ಎರಡು ಕಾರ್ಯಗಳನ್ನು ಹೇಳಿದನು: ಮಕ್ಕಳಲ್ಲಿ ಸಮಾಜದ ಮೌಲ್ಯಗಳನ್ನು ಬೇರೂರಿಸುವುದು ಒಂದು, ಅವರನ್ನು ಸಾಧನೆಗನುಗುಣವಾಗಿ ಬೇರೆಬೇರೆ ಉದ್ಯೋಗಗಳಿಗೆ ವಿಂಗಡಿಸುವುದು ಇನ್ನೊಂದು. ಆ ವಿಂಗಡಣೆಯು ಬಹುಮಟ್ಟಿಗೆ ನ್ಯಾಯವಾದುದೆಂಬುದು ಈ ಪಂಥದವರ ನಂಬಿಕೆ.

ಇದಕ್ಕೆ ವಿರುದ್ಧವಾಗಿ ಅದೇ ಫ್ರಾನ್ಸ್ ದೇಶದ ಪಿಯರ್ ಬೋರ್ದಿಯು ಎಂಬಾತನು ಪಾಸ್ಸೆರಾನ್ ಎಂಬುವನೊಡನೆ ೧೯೬೪ರಲ್ಲಿಯೂ ೧೯೭೦ರಲ್ಲಿಯೂ ಪ್ರಕಟಿಸಿದ ಗ್ರಂಥಗಳಲ್ಲಿ ಬೇರೊಂದು ವಾದವನ್ನು ಮುಂದಿಟ್ಟನು. ಮನೆಯಲ್ಲಿ ಆಡುವ ಮಾತು, ಪುಸ್ತಕಗಳ ಪರಿಚಯ, ದೊಡ್ಡವರೊಡನೆ ವ್ಯವಹರಿಸುವ ರೀತಿ, ಇವೆಲ್ಲ ಹಣದಂತೆಯೇ ತಂದೆಯಿಂದ ಮಗನಿಗೆ ಇಳಿದುಬರುವ ಬಂಡವಾಳ. ಶಾಲೆಯು ಈ ಬಂಡವಾಳವನ್ನೇ ಪರೀಕ್ಷಿಸಿ ಅದಕ್ಕೆ ‘ಪ್ರತಿಭೆ’ ಎಂಬ ಹೆಸರನ್ನಿಡುತ್ತದೆ ಎಂದು ಆತನು ಹೇಳಿದನು. ಇಂಗ್ಲೆಂಡಿನ ಮೈಕೇಲ್ ಯಂಗ್ ೧೯೫೮ರಲ್ಲಿ ‘ಮೆರಿಟಾಕ್ರಸಿ’ ಎಂಬ ಮಾತನ್ನು ಒಂದು ವಿಡಂಬನಗ್ರಂಥದ ಮೂಲಕ ಪ್ರಚಾರಕ್ಕೆ ತಂದನು. ಅಂಕಗಳಿಂದಲೇ ಮನುಷ್ಯರ ಬೆಲೆಯನ್ನು ಕಟ್ಟುವ ಸಮಾಜದಲ್ಲಿ ಗೆದ್ದವರಿಗೆ ಗರ್ವವೂ ಸೋತವರಿಗೆ ಅವಮಾನವೂ ಉಳಿಯುವುದೆಂಬ ಎಚ್ಚರಿಕೆಯೇ ಆ ಗ್ರಂಥದ ತಾತ್ಪರ್ಯ. ಲೋಕವು ಎಚ್ಚರಿಕೆಯನ್ನು ಮರೆತು ಪದವನ್ನು ಮಾತ್ರ ಹೊಗಳಿಕೆಯ ಮಾತಾಗಿ ಉಳಿಸಿಕೊಂಡಿತು.

ವಿದೇಶೀಯರ ಈ ವಾದಗಳು ನಮಗೆ ಎಷ್ಟರಮಟ್ಟಿಗೆ ಅನ್ವಯಿಸುತ್ತವೆ ಎಂದು ವಾಚಕರು ಕೇಳಬಹುದು. ಉತ್ತರವನ್ನು ಹುಡುಕಲು ನಾವು ದೂರ ಹೋಗಬೇಕಾದುದಿಲ್ಲ. ಹಳೆಯ ಮೈಸೂರು ಸಂಸ್ಥಾನದ ಇತಿಹಾಸವೇ ಸಾಕು.

ನಮ್ಮ ಹಿರಿಯರ ಕಾಲದಲ್ಲಿ ಹಳ್ಳಿಗಳಿಂದ ಮೈಸೂರಿಗೂ ಬೆಂಗಳೂರಿಗೂ ಬಂದ ಬಡ ವಿದ್ಯಾರ್ಥಿಗಳು ‘ವಾರಾನ್ನ’ದಿಂದ ಓದಿದರೆಂಬುದು ಸರ್ವವಿದಿತ. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಹೀಗೆ ಏಳು ಮನೆಗಳನ್ನು ಗೊತ್ತುಮಾಡಿಕೊಂಡು, ಸಿಕ್ಕದ ವಾರ ಉಪವಾಸವಿದ್ದು, ಯಾರದೋ ಮನೆಯ ಜಗಲಿಯಲ್ಲಿ ಮಲಗಿ, ಬೀದಿಯ ದೀಪದಲ್ಲಿ ಓದಿದವರು ಮುಂದೆ ಅಧ್ಯಾಪಕರೂ ವಕೀಲರೂ ಅಮಲ್ದಾರರೂ ಆದರು. ಆ ಊಟವನ್ನು ಎಲ್ಲ ಮನೆಗಳಲ್ಲಿಯೂ ಆದರದಿಂದಲೇ ಬಡಿಸುತ್ತಿದ್ದರೆಂದು ಹೇಳಲಾಗದು. ಹಿತ್ತಲ ಬಾಗಿಲಲ್ಲಿ ಕಾದು, ಎಲ್ಲರ ಊಟವಾದ ಮೇಲೆ ಉಂಡವರೂ ಇದ್ದರು. ಅವರ ತಪಸ್ಸನ್ನು ನೆನೆದು ನಾವು ಹೆಮ್ಮೆಪಡುವುದು ಯುಕ್ತವೇ ಆಗಿದೆ.

ಆದರೆ ಆ ಹೆಮ್ಮೆಯ ಜೊತೆಗೆ ಇನ್ನೊಂದು ಸಂಗತಿಯನ್ನೂ ಸ್ಮರಿಸಬೇಕು. ವಾರಾನ್ನದ ಮನೆಯ ಬಾಗಿಲು ನಮ್ಮ ಹುಡುಗನಿಗೆ ತೆರೆದಿತ್ತು. ಅದೇ ಹಳ್ಳಿಯ ಒಕ್ಕಲಿಗನ ಮಗನೋ ಕುರುಬನ ಮಗನೋ ಅಷ್ಟೇ ಬಡವನಾಗಿ, ಅಷ್ಟೇ ಚುರುಕಾಗಿ, ಅದೇ ಊರಿಗೆ ಬಂದಿದ್ದರೆ ಆ ಏಳು ಮನೆಗಳಲ್ಲಿ ಒಂದಾದರೂ ಅವನಿಗೆ ಎಲೆ ಹಾಕುತ್ತಿರಲಿಲ್ಲ. ಊರ ಹೊರಗಿನ ಕೇರಿಯ ಹುಡುಗನಿಗೆ ಊಟದ ಮಾತಿರಲಿ, ಆ ಬೀದಿಯಲ್ಲಿ ನಡೆಯುವುದೇ ಕಷ್ಟವಾಗಿತ್ತು. ನಮ್ಮ ಹಿರಿಯರ ಓದಿನಲ್ಲಿ ಅವರ ಪರಿಶ್ರಮ ಒಂದು ಪಾಲು. ಊರು ತುಂಬ ಹರಡಿದ್ದ ಬಂಧುತ್ವದ ಆಸರೆ ಇನ್ನೊಂದು ಪಾಲು. ಮೊದಲನೆಯದು ಅವರ ಸ್ವಂತದ್ದು. ಎರಡನೆಯದು ಹುಟ್ಟಿನಿಂದ ಬಂದದ್ದು. ಬೋರ್ದಿಯು ಹೇಳಿದ ಬಂಡವಾಳವೆಂದರೆ ಇದೇ. ಮೈಸೂರಿನವರೇ ಆಗಿ ಜಗದ್ವಿಖ್ಯಾತರಾದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರು ೧೯೬೬ರ ತಮ್ಮ ಗ್ರಂಥದಲ್ಲಿ, ಮೊದಲೇ ಓದುಬರಹದ ಸಂಪ್ರದಾಯವಿದ್ದ ಜಾತಿಗಳೇ ಇಂಗ್ಲಿಷ್ ವಿದ್ಯೆಯನ್ನೂ ಅದರಿಂದ ಬಂದ ಹುದ್ದೆಗಳನ್ನೂ ಮೊದಲು ಪಡೆದುವೆಂದು ವಿವರಿಸಿದ್ದಾರೆ.

ಇತರ ಸಮುದಾಯದವರೂ ಈ ಮರ್ಮವನ್ನು ಬೇಗನೆ ಅರಿತರು. ೧೯೦೬ರಲ್ಲಿ ಬೆಂಗಳೂರಿನಲ್ಲಿ ಒಕ್ಕಲಿಗರ ಸಂಘವು ಸ್ಥಾಪಿತವಾಯಿತು. ೧೯೧೬ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ಅಧ್ಯಾಪಕರು ಸೇರಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದರು. ಇಂತಹ ಸಂಘಸಂಸ್ಥೆಗಳಿಂದ ವಿದ್ಯಾರ್ಥಿನಿಲಯಗಳು ಒಂದೊಂದಾಗಿ ತಲೆಯೆತ್ತಿದುವು. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಜಾತಿಭೇದವಿಲ್ಲದೆ ಸಾವಿರಾರು ಬಾಲಕರಿಗೆ ಅನ್ನವನ್ನೂ ಅಕ್ಷರವನ್ನೂ ನೀಡುವ ಮಹತ್ಕಾರ್ಯವು ನಡೆದುಬಂದಿದೆ. ಅದನ್ನು ಬೆಳೆಸಿದ ಶ್ರೀ ಶಿವಕುಮಾರ ಸ್ವಾಮಿಗಳು ೨೦೧೯ರಲ್ಲಿ ತಮ್ಮ ೧೧೧ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದರು. ನಮ್ಮವರೇ ಆದ ಪೇಜಾವರ ಮಠದ ಶ್ರೀ ವಿಶ್ವೇಶತೀರ್ಥ ಶ್ರೀಪಾದರು ೧೯೫೬ರಲ್ಲಿ ಬೆಂಗಳೂರಿನಲ್ಲಿ ಪೂರ್ಣಪ್ರಜ್ಞ ವಿದ್ಯಾಪೀಠವನ್ನು ಸ್ಥಾಪಿಸಿ, ಶಾಸ್ತ್ರ ಓದುವ ಹುಡುಗರಿಗೆ ವಸತಿಯನ್ನೂ ಊಟವನ್ನೂ ಅಲ್ಲಿಯೇ ಕಲ್ಪಿಸಿದರು. ಇವೆಲ್ಲದರಿಂದ ತಿಳಿಯುವುದೇನೆಂದರೆ, ಅನ್ನವೂ ಆಶ್ರಯವೂ ಇಲ್ಲದ ಕಡೆ ಬುದ್ಧಿಯು ಎಷ್ಟಿದ್ದರೂ ವಿದ್ಯೆಯು ನಿಲ್ಲುವುದಿಲ್ಲ. ೨೦೦೨ರಲ್ಲಿ ನಮ್ಮ ರಾಜ್ಯ ಸರಕಾರವು ಶಾಲಾಮಕ್ಕಳ ಮಧ್ಯಾಹ್ನದ ಬಿಸಿಯೂಟಕ್ಕೆ ‘ಅಕ್ಷರ ದಾಸೋಹ’ ಎಂಬ ಹೆಸರನ್ನಿಟ್ಟುದು ಈ ತತ್ತ್ವಕ್ಕೆ ತಕ್ಕುದಾಗಿಯೇ ಇದೆ.

ಸಂಸ್ಥಾನದ ಕಾಲದ ಒಂದು ಪ್ರಸಂಗವು ಇಲ್ಲಿ ವಿಚಾರಾರ್ಹ. ಸರ್ ಎಂ. ವಿಶ್ವೇಶ್ವರಯ್ಯನವರು ಚಿಕ್ಕಂದಿನಲ್ಲಿಯೇ ತಂದೆಯನ್ನು ಕಳೆದುಕೊಂಡು, ಬೆಂಗಳೂರಿನಲ್ಲಿ ಮನೆಪಾಠ ಹೇಳಿಕೊಂಡು ಓದಿ ಮುಂದೆ ಬಂದವರು. ಅವರು ದಿವಾನರಾಗಿದ್ದಾಗಲೇ ೧೯೧೩ರಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಶಾಸನವೂ ೧೯೧೬ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವೂ ಬಂದುವು. ಸರಕಾರಿ ಹುದ್ದೆಗಳಲ್ಲಿ ಬ್ರಾಹ್ಮಣರೇ ತುಂಬಿದ್ದಾರೆಂಬ ಅಸಮಾಧಾನದ ಕಾರಣದಿಂದ ನಾಲ್ವಡಿ ಕೃಷ್ಣರಾಜ ಒಡೆಯರು ೧೯೧೮ರಲ್ಲಿ ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯನ್ನು ನೇಮಿಸಿದರು. ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧಕ್ಕೆ ಕಡಮೆಯಿಲ್ಲದಂತೆಯೂ ಕೆಳಗಿನ ಹುದ್ದೆಗಳಲ್ಲಿ ಮೂರರಲ್ಲಿ ಎರಡು ಪಾಲಿಗೆ ಕಡಮೆಯಿಲ್ಲದಂತೆಯೂ ಹಿಂದುಳಿದ ವರ್ಗದವರಿಗೆ ದೊರೆಯಬೇಕೆಂದು ಆ ಸಮಿತಿಯು ಸೂಚಿಸಿತು. ವಿಶ್ವೇಶ್ವರಯ್ಯನವರು ಈ ಮಾರ್ಗವನ್ನು ಒಪ್ಪಲಿಲ್ಲ. ಆಡಳಿತದ ದಕ್ಷತೆ ಕುಗ್ಗುವುದೆಂಬುದು ಅವರ ಭಯವಾಗಿತ್ತು. ಮಹಾರಾಜರು ಒಪ್ಪಿದರು. ಇಬ್ಬರೂ ಪ್ರಜೆಗಳ ಹಿತವನ್ನೇ ಬಯಸಿದವರು. ಇಬ್ಬರೂ ವಿದ್ಯೆಯನ್ನು ಗೌರವಿಸಿದವರು. ಆದುದರಿಂದ ಇದನ್ನು ಸಜ್ಜನ-ದುರ್ಜನರ ಜಗಳವೆಂದು ಭಾವಿಸದೆ, ಯೋಗ್ಯತೆಯೆಂದರೇನು ಎಂಬ ಪ್ರಶ್ನೆಗೆ ದೊರೆತ ಎರಡು ಉತ್ತರಗಳೆಂದು ಭಾವಿಸುವುದು ಉಚಿತ. ಒಂದು ನೂರು ವರ್ಷಗಳು ಕಳೆದರೂ ನಮ್ಮ ಮನೆಗಳಲ್ಲಿ ಆ ಚರ್ಚೆ ಇನ್ನೂ ಮುಗಿದಿಲ್ಲ.

ಇನ್ನು ಪೂರ್ವಪಕ್ಷ. ಅದನ್ನು ದುರ್ಬಲಗೊಳಿಸದೆ, ಆಸ್ತಿಕರ ಬಾಯಲ್ಲಿ ಕೇಳಿಬರುವಂತೆಯೇ ಹೇಳುವುದು ನ್ಯಾಯ.

ಮೊದಲನೆಯ ಆಕ್ಷೇಪ: ಪರೀಕ್ಷೆಯು ಯಾರ ಮುಖವನ್ನೂ ನೋಡುವುದಿಲ್ಲ, ಅದು ತಕ್ಕಡಿಯಂತೆ. ಹೆಚ್ಚು ತೂಗಿದವನು ಯೋಗ್ಯ, ಕಡಮೆ ತೂಗಿದವನು ಅಯೋಗ್ಯ. ಎರಡನೆಯ ಆಕ್ಷೇಪ: ಜೀವರಲ್ಲಿ ತಾರತಮ್ಯವು ಅನಾದಿಸಿದ್ಧವೆಂದು ಒಪ್ಪುವ ನಾವು ಎಲ್ಲರೂ ಸಮಾನವಾಗಿ ಓದಬಲ್ಲರೆಂದು ಹೇಳುವುದು ಸಿದ್ಧಾಂತಕ್ಕೆ ವಿರುದ್ಧವಲ್ಲವೆ? ಬಡತನವೂ ಅವರವರ ಪ್ರಾರಬ್ಧವಲ್ಲವೆ? ಮೂರನೆಯ ಆಕ್ಷೇಪ: ಇತರರ ಅವಕಾಶದ ಮಾತನ್ನಾಡುವಾಗ ನಮ್ಮ ಪುರೋಹಿತನ ಮಗ, ಅಡಿಗೆಯವನ ಮಗ ಏನಾದರು? ಅವರ ಬಡತನವು ಬಡತನವಲ್ಲವೆ?

ಮೂರನೆಯದರಿಂದಲೇ ಸಮಾಧಾನವನ್ನು ಪ್ರಾರಂಭಿಸೋಣ. ಏಕೆಂದರೆ ಅದರಲ್ಲಿ ನೋವಿದೆ, ಸತ್ಯವೂ ಇದೆ. ತಟ್ಟೆಯ ದಕ್ಷಿಣೆಯಿಂದ ಮನೆ ನಡೆಸುವ ಅರ್ಚಕನ ಮಗನಿಗೆ ಕಾಲೇಜಿನ ಶುಲ್ಕವು ಬೆಟ್ಟದಷ್ಟಾಗಿ ತೋರುವುದನ್ನು ನಾವು ಬಲ್ಲೆವು. ಆ ಬಡತನವನ್ನು ೨೦೧೯ರ ೧೦೩ನೆಯ ಸಂವಿಧಾನ ತಿದ್ದುಪಡಿಯು ಗಣನೆಗೆ ತೆಗೆದುಕೊಂಡು ನೂರಕ್ಕೆ ಹತ್ತರವರೆಗೆ ಸ್ಥಾನಗಳಿಗೆ ಅವಕಾಶ ಕಲ್ಪಿಸಿತು. ೨೦೨೨ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಆದರೆ ಇಲ್ಲಿ ಒಂದು ಮಾತನ್ನು ಗಮನಿಸಬೇಕು. ‘ನಮ್ಮ ಬಡ ಹುಡುಗನ ಅಂಕಗಳನ್ನು ಅವನ ಬಡತನದೊಡನೆ ಸೇರಿಸಿ ನೋಡಿರಿ’ ಎಂದು ಕೇಳುವವನು, ಅಂಕವು ತಾನಾಗಿಯೇ ಯೋಗ್ಯತೆಯನ್ನು ಹೇಳಲಾರದೆಂಬುದನ್ನು ಆಗಲೇ ಒಪ್ಪಿಕೊಂಡಂತಾಯಿತು. ತನಗೆ ಒಪ್ಪಿದ ನ್ಯಾಯವನ್ನು ಪರರಿಗೆ ನಿರಾಕರಿಸಿದರೆ ವ್ಯಾಘಾತದೋಷವು ತಪ್ಪುವುದಿಲ್ಲ.

ಇನ್ನು ತಕ್ಕಡಿಯ ದೃಷ್ಟಾಂತ. ತಕ್ಕಡಿಯು ಪಕ್ಷಪಾತ ಮಾಡುವುದಿಲ್ಲವೆಂಬುದು ದಿಟ. ನಮ್ಮ ರಾಜ್ಯದಲ್ಲಿ ವೈದ್ಯ ಮತ್ತು ಎಂಜಿನಿಯರಿಂಗ್ ಸ್ಥಾನಗಳು ಕ್ಯಾಪಿಟೇಶನ್ ಎಂಬ ಹೆಸರಿನಲ್ಲಿ ಹಣಕ್ಕೆ ಮಾರಾಟವಾಗುತ್ತಿದ್ದ ಕಾಲವನ್ನು ಹಿರಿಯರು ಮರೆತಿರಲಾರರು. ೧೯೮೪ರಲ್ಲಿ ಅದರ ವಿರುದ್ಧ ಕಾನೂನು ಬಂತು. ೧೯೯೨ರಲ್ಲಿ ಕರ್ನಾಟಕದ್ದೇ ಒಂದು ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಪದ್ಧತಿಯನ್ನು ಸಂವಿಧಾನಕ್ಕೆ ವಿರುದ್ಧವೆಂದು ಸಾರಿತು. ೧೯೯೪ರಿಂದ ಸಾಮಾನ್ಯ ಪ್ರವೇಶ ಪರೀಕ್ಷೆಯು ನಡೆಯತೊಡಗಿದಾಗ, ಹಣವಿಲ್ಲದ ಎಷ್ಟೋ ಮನೆಗಳ ಮಕ್ಕಳು ಮೊದಲ ಬಾರಿಗೆ ಆ ವಿದ್ಯಾಲಯಗಳ ಮೆಟ್ಟಿಲು ಹತ್ತಿದರು. ಆದುದರಿಂದ ಹಣಕ್ಕಿಂತ ಅಂಕವು ಶ್ರೇಷ್ಠವಾದ ಅಳತೆಯೆಂಬುದರಲ್ಲಿ ನಮಗೆ ಸಂದೇಹವಿಲ್ಲ.

ಆದರೆ ತಕ್ಕಡಿಯು ತೂಕವನ್ನು ಹೇಳುತ್ತದೆಯೇ ಹೊರತು, ಆ ತೂಕ ಎಲ್ಲಿಂದ ಬಂತೆಂಬುದನ್ನು ಹೇಳುವುದಿಲ್ಲ. ಜಯನಗರದ ಒಂದು ಮನೆಯನ್ನು ಊಹಿಸಿಕೊಳ್ಳೋಣ. ಹುಡುಗನಿಗೆ ಪ್ರತ್ಯೇಕ ಕೋಣೆ, ಮನೆಯಲ್ಲಿ ಇಂಗ್ಲಿಷ್ ಪತ್ರಿಕೆ, ಲೆಕ್ಕ ಹೇಳಿಕೊಡಲು ನಿವೃತ್ತ ಅಜ್ಜ, ಸಾಯಂಕಾಲ ಎರಡು ಟ್ಯೂಷನ್. ಆ ಮನೆಯಲ್ಲಿ ಪಾತ್ರೆ ತೊಳೆಯುವಾಕೆ ಬೆಳಗಿನ ಆರು ಗಂಟೆಗೆ ತನ್ನ ಒಂದೇ ಕೋಣೆಯ ಮನೆಯನ್ನು ಬಿಟ್ಟು ಬರುತ್ತಾಳೆ. ಅವಳ ಮಗನೂ ಅದೇ ವಯಸ್ಸಿನವನು. ಅವನು ತಂಗಿಯನ್ನು ಎಬ್ಬಿಸಿ, ನೀರು ಹಿಡಿದು, ಅನ್ನಕ್ಕಿಟ್ಟು ಶಾಲೆಗೆ ಹೋಗುತ್ತಾನೆ. ಈ ಮನೆಯ ತಾಯಿಗೆ ಮಗನ ಪಕ್ಕದಲ್ಲಿ ಕುಳಿತು ಪಾಠ ಒಪ್ಪಿಸಿಕೊಳ್ಳುವಷ್ಟು ಬೆಳಗಿನ ವಿರಾಮ ದೊರೆಯುವುದು, ಆ ತಾಯಿ ತನ್ನ ಮಗನ ಪಕ್ಕದಲ್ಲಿ ಇಲ್ಲದಿರುವುದರಿಂದ. ಹತ್ತನೆಯ ತರಗತಿಯಲ್ಲಿ ಒಬ್ಬನಿಗೆ ನೂರಕ್ಕೆ ತೊಂಬತ್ತೈದು, ಇನ್ನೊಬ್ಬನಿಗೆ ಅರುವತ್ತು ಬಂದರೆ, ಆ ಮೂವತ್ತೈದರ ಅಂತರವೆಲ್ಲ ಯೋಗ್ಯತೆಯ ಅಂತರವೆಂದು ಯಾವ ಪ್ರಮಾಣದಿಂದ ಹೇಳುವುದು? ಅದರಲ್ಲಿ ಒಂದಷ್ಟು ಪಾಲು ಆ ತಾಯಿಯು ಈ ಮನೆಗೆ ಕೊಟ್ಟ ಬೆಳಗುಗಳದ್ದಲ್ಲವೆ?

ತಾರತಮ್ಯದ ಆಕ್ಷೇಪವು ಶಾಸ್ತ್ರವನ್ನೇ ಮುಟ್ಟುವುದರಿಂದ ಅದಕ್ಕೆ ಶಾಸ್ತ್ರದ ಮಾರ್ಗದಲ್ಲಿಯೇ ಉತ್ತರವನ್ನು ಹೇಳಬೇಕು. ಜೀವರ ಸ್ವರೂಪದಲ್ಲಿ ತಾರತಮ್ಯವಿದೆಯೆಂಬುದು ಸಿದ್ಧಾಂತವೇ ಸರಿ. ಆದರೆ ಆ ಸ್ವರೂಪಯೋಗ್ಯತೆಯನ್ನು ಸಾಕ್ಷಾತ್ತಾಗಿ ಬಲ್ಲವನು ಸರ್ವಜ್ಞನಾದ ಶ್ರೀಹರಿ. ಅಲ್ಪಜ್ಞರಾದ ನಾವು ಮೂರು ಗಂಟೆಗಳ ಪ್ರಶ್ನಪತ್ರಿಕೆಯಿಂದ ಅದನ್ನು ಅಳೆದೆವೆಂದು ಹೇಳಿದರೆ, ಭಗವಂತನಿಗೆ ಮಾತ್ರ ಸಲ್ಲುವ ಜ್ಞಾನವನ್ನು ಪರೀಕ್ಷಾಮಂಡಲಿಗೆ ಆರೋಪಿಸಿದಂತಾಗುವುದಿಲ್ಲವೆ? ತಾರತಮ್ಯವನ್ನು ಒಪ್ಪುವವನು ಪರರನ್ನು ಅಯೋಗ್ಯರೆಂದು ನಿರ್ಣಯಿಸಲು ಇತರರಿಗಿಂತ ಹೆಚ್ಚು ಹೆದರಬೇಕು. ಯಾರ ಒಳಗೆ ಎಂತಹ ಸ್ವರೂಪವಿದೆಯೋ ಅವನಿಗೆ ತಿಳಿಯದು.

ಇದಲ್ಲದೆ ಫಲಪ್ರಾಪ್ತಿಗೆ ಯೋಗ್ಯತೆ, ಅನಾದಿಕರ್ಮ, ಪ್ರಯತ್ನ ಎಂಬ ಮೂರನ್ನೂ ನಮ್ಮ ಸಿದ್ಧಾಂತವು ಹೇಳುತ್ತದೆ. ಯೋಗ್ಯತೆಯು ಬೀಜದಂತಿದ್ದರೂ ಪ್ರಯತ್ನವಿಲ್ಲದೆ ವ್ಯಕ್ತವಾಗದು. ಪ್ರಯತ್ನಕ್ಕೆ ಅವಕಾಶವನ್ನೇ ಕೊಡದೆ, ‘ಫಲ ಬರಲಿಲ್ಲ, ಆದುದರಿಂದ ಬೀಜವೇ ಕೆಟ್ಟದ್ದು’ ಎನ್ನುವುದು ಯುಕ್ತಿಯಲ್ಲ. ಇನ್ನು ಬಡತನವು ಪ್ರಾರಬ್ಧವೆಂಬ ಮಾತು. ಪ್ರಾರಬ್ಧವೆಂಬುದು ನಮ್ಮ ಕಷ್ಟವನ್ನು ನಾವು ಸಹಿಸಲು ದೊರೆತ ತತ್ತ್ವ. ಪರರ ಕಷ್ಟವನ್ನು ಕಂಡು ಕೈಕಟ್ಟಿ ಕೂರಲು ದೊರೆತ ಅನುಮತಿಯಲ್ಲ. ಹಸಿವೂ ಪ್ರಾರಬ್ಧವೇ ಆದರೂ ನಮ್ಮ ಮಠಮಂದಿರಗಳಲ್ಲಿ ಅನ್ನದಾನವು ನಿಂತಿಲ್ಲ. ಹಸಿದವನ ಕರ್ಮವನ್ನು ವಿಚಾರಿಸಿ ಯಾರೂ ಎಲೆ ಹಾಕುವುದಿಲ್ಲ. ಅನ್ನದ ವಿಷಯದಲ್ಲಿ ಒಪ್ಪದ ವಾದವನ್ನು ಅಕ್ಷರದ ವಿಷಯದಲ್ಲಿ ಒಪ್ಪುವುದು ಹೇಗೆ?

ಇದಕ್ಕೆ ನಮ್ಮ ಮನೆಗಳಲ್ಲಿಯೇ ಪ್ರತ್ಯಕ್ಷ ನಿದರ್ಶನವಿದೆ. ೧೮೮೧ರಲ್ಲಿ ಮೈಸೂರಿನಲ್ಲಿ ಮಹಾರಾಣಿಯವರ ಹೆಣ್ಣುಮಕ್ಕಳ ಶಾಲೆಯು ಪ್ರಾರಂಭವಾದಾಗ, ಹೆಣ್ಣಿಗೆ ಶಾಲೆಯ ಓದು ಏಕೆಂದು ಕೇಳಿದವರು ಕಡಮೆಯಿರಲಿಲ್ಲ. ನಮ್ಮ ಮುತ್ತಜ್ಜಿಯರಲ್ಲಿ ಅನೇಕರಿಗೆ ನೂರಾರು ದೇವರನಾಮಗಳು ಕಂಠಸ್ಥವಾಗಿದ್ದುವು. ಆದರೆ ಸಹಿ ಹಾಕಲು ಬರುತ್ತಿರಲಿಲ್ಲ. ಅವರ ಮೊಮ್ಮಕ್ಕಳ ಮಕ್ಕಳು ಇಂದು ವೈದ್ಯೆಯರೂ ವಿಜ್ಞಾನಿಗಳೂ ನ್ಯಾಯಾಧೀಶೆಯರೂ ಆಗಿದ್ದಾರೆ. ಮೂರು ತಲೆಮಾರುಗಳಲ್ಲಿ ಸ್ತ್ರೀಯರ ಬುದ್ಧಿಶಕ್ತಿಯೇ ಬದಲಾಯಿತೆ? ಬದಲಾದುದು ಬಾಗಿಲು ಮಾತ್ರ. ನಮ್ಮ ಹೆಣ್ಣುಮಕ್ಕಳ ವಿಷಯದಲ್ಲಿ ನಾವು ಸಂತೋಷದಿಂದ ಒಪ್ಪಿಕೊಂಡ ಈ ಸತ್ಯವನ್ನು ನೆರೆಯ ಕೇರಿಯ ಮಕ್ಕಳ ವಿಷಯದಲ್ಲಿಯೂ ಒಪ್ಪಲು ಅಡ್ಡಿಯೇನು?

ಪರೀಕ್ಷೆಯ ವಿಷಯದಲ್ಲಿ ನಮ್ಮ ಸಂಪ್ರದಾಯದ ಒಂದು ಐತಿಹ್ಯವನ್ನು ಎಲ್ಲರೂ ಬಲ್ಲರು. ಕನಕದಾಸರನ್ನು ಶ್ರೀ ವ್ಯಾಸರಾಜರು ಆದರಿಸಿದುದು ಕೆಲವು ಶಿಷ್ಯರಿಗೆ ಸಹ್ಯವಾಗಲಿಲ್ಲ. ಆಗ ಗುರುಗಳು ಎಲ್ಲರ ಕೈಗೂ ಬಾಳೆಹಣ್ಣನ್ನು ಕೊಟ್ಟು, ಯಾರೂ ಕಾಣದ ಸ್ಥಳದಲ್ಲಿ ತಿಂದು ಬರಬೇಕೆಂದು ಹೇಳಿದರಂತೆ. ಉಳಿದವರು ಮರೆಯನ್ನು ಹುಡುಕಿ ತಿಂದು ಬಂದರು. ಭಗವಂತನು ಕಾಣದ ಸ್ಥಳವೇ ಸಿಕ್ಕಲಿಲ್ಲವೆಂದು ಕನಕದಾಸರು ಹಣ್ಣನ್ನು ಹಿಂದಕ್ಕೆ ತಂದರು. ಈ ಕಥೆಯನ್ನು ಭಕ್ತಿಯ ದೃಷ್ಟಿಯಿಂದ ನೂರು ಸಲ ಕೇಳಿದ್ದೇವೆ. ಶಿಕ್ಷಣದ ದೃಷ್ಟಿಯಿಂದಲೂ ಅದರಲ್ಲಿ ಪಾಠವಿದೆ. ಗುರುಗಳು ವ್ಯಾಕರಣಸೂತ್ರವನ್ನೋ ತರ್ಕದ ಲಕ್ಷಣವನ್ನೋ ಕೇಳಿದ್ದರೆ, ಮನೆಯಲ್ಲಿ ಮೊದಲೇ ಓದಿಕೊಂಡು ಬಂದ ಶಿಷ್ಯರೇ ಗೆಲ್ಲುತ್ತಿದ್ದರು. ಅವರು ಕೇಳಿದ ಪ್ರಶ್ನೆಯು ಯಾರ ಮನೆಯ ಬಂಡವಾಳಕ್ಕೂ ನಿಲುಕದಂತಹುದಾಗಿತ್ತು. ಛಾಂದೋಗ್ಯದ ಗೌತಮರೂ ತನ್ನ ಗೋತ್ರವನ್ನು ಅರಿಯೆನೆಂದು ನಿಜವನ್ನೇ ನುಡಿದ ಸತ್ಯಕಾಮನನ್ನು ಆ ಸತ್ಯಕ್ಕಾಗಿಯೇ ಶಿಷ್ಯನನ್ನಾಗಿ ಸ್ವೀಕರಿಸಿದರು.

ಒಬ್ಬ ಹುಡುಗನಿಗೆ ಬಾಗಿಲು ತೆರೆದರೆ ಏನಾಗಬಹುದೆಂಬುದಕ್ಕೆ ನಮ್ಮ ಬಸವನಗುಡಿಯೇ ಸಾಕ್ಷಿ. ೧೯೧೭ರಲ್ಲಿ ಪ್ರಾರಂಭವಾದ ಇಲ್ಲಿನ ನ್ಯಾಷನಲ್ ಹೈಸ್ಕೂಲಿಗೆ ೧೯೩೫ರಲ್ಲಿ ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಹುಡುಗನೊಬ್ಬನು ಕಾಲ್ನಡಿಗೆಯಲ್ಲಿಯೇ ಬಂದು ಸೇರಿದನು. ಆತನೇ ಮುಂದೆ ೧೯೭೨ರಿಂದ ೧೯೭೭ರವರೆಗೆ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಯಾಗಿದ್ದ ಡಾ. ಎಚ್. ನರಸಿಂಹಯ್ಯನವರು. ದೈವದ ವಿಷಯದಲ್ಲಿ ಅವರ ವಿಚಾರಗಳು ನಮಗೆ ಒಪ್ಪುವಂತಹವಲ್ಲ. ಆದರೂ ಮದುವೆಯಾಗದೆ, ವಿದ್ಯಾರ್ಥಿನಿಲಯದ ಒಂದು ಕೋಣೆಯಲ್ಲಿಯೇ ವಾಸಮಾಡುತ್ತ, ೨೦೦೫ರಲ್ಲಿ ತೀರಿಕೊಳ್ಳುವವರೆಗೂ ವಿದ್ಯಾಸಂಸ್ಥೆಗಳಿಗಾಗಿ ಜೀವ ತೇದ ಅವರ ವೈರಾಗ್ಯವು ಆಸ್ತಿಕರಿಗೂ ಆದರ್ಶವಾದುದು. ಅತ್ತ ಮಂಗಳೂರಿನಲ್ಲಿ ಸಾರಸ್ವತ ಬ್ರಾಹ್ಮಣರಾದ ಕುದ್ಮುಲ್ ರಂಗರಾಯರು ೧೮೯೨ರಲ್ಲಿಯೇ ಅಸ್ಪೃಶ್ಯರೆನಿಸಿದವರ ಮಕ್ಕಳಿಗೆ ಶಾಲೆ ತೆರೆದು, ಸ್ವಜನರ ಬಹಿಷ್ಕಾರವನ್ನು ಸಹಿಸಿದರು. ಮಕ್ಕಳ ಯೋಗ್ಯತೆಯನ್ನು ಮೊದಲು ಪರೀಕ್ಷಿಸಿ ಆಮೇಲೆ ಶಾಲೆಯ ಬಾಗಿಲು ತೆರೆಯೋಣವೆಂದು ಅವರು ಕಾಯಲಿಲ್ಲ.

ಇಂದಿನ ಸ್ಥಿತಿಯನ್ನು ನೋಡಿದರೆ ಬಾಗಿಲುಗಳು ತೆರೆಯುವುದರ ಜೊತೆಗೆ ಮುಚ್ಚುವುದೂ ನಡೆದಿದೆ. ೧೯೬೪ರಿಂದ ೧೯೬೬ರವರೆಗೆ ಕೆಲಸಮಾಡಿದ ಕೊಠಾರಿ ಆಯೋಗವು, ಒಂದು ಬಡಾವಣೆಯ ಎಲ್ಲ ಮಕ್ಕಳೂ ಒಂದೇ ನೆರೆಹೊರೆಯ ಶಾಲೆಯಲ್ಲಿ ಕಲಿಯಬೇಕೆಂದು ಸೂಚಿಸಿತ್ತು. ಅದು ಕಾರ್ಯಗತವಾಗಲಿಲ್ಲ. ೨೦೦೯ರ ಶಿಕ್ಷಣ ಹಕ್ಕಿನ ಕಾಯಿದೆಯು ೨೦೧೦ರ ಏಪ್ರಿಲ್ ೧ರಿಂದ ಜಾರಿಗೆ ಬಂದು, ಖಾಸಗಿ ಶಾಲೆಗಳ ಪ್ರಾರಂಭದ ತರಗತಿಯಲ್ಲಿ ನೂರಕ್ಕೆ ೨೫ ಸ್ಥಾನಗಳನ್ನು ದುರ್ಬಲವರ್ಗದ ಮಕ್ಕಳಿಗೆ ಮೀಸಲಿಟ್ಟಿತು. ಆದರೆ ನಮ್ಮ ರಾಜ್ಯದ ನಿಯಮವು ೨೦೧೮ರ ಕೊನೆಯಲ್ಲಿ ತಿದ್ದುಪಡಿಯಾಗಿ, ೨೦೧೯ರಿಂದ ಸರಕಾರಿ ಅಥವಾ ಅನುದಾನಿತ ಶಾಲೆಯಿರುವ ನೆರೆಹೊರೆಯಲ್ಲಿ ಖಾಸಗಿ ಶಾಲೆಗಳಿಗೆ ಆ ಹೊಣೆಯು ತಪ್ಪಿತು. ನಗರದಲ್ಲಿ ಸರಕಾರಿ ಶಾಲೆಯಿಲ್ಲದ ನೆರೆಹೊರೆ ಅಪರೂಪವಾದುದರಿಂದ ಆ ಬಾಗಿಲು ಬಹಳ ಮಟ್ಟಿಗೆ ಕಿರಿದಾಯಿತು. ಒಂದೇ ರಸ್ತೆಯ ಮಕ್ಕಳು ಎರಡು ಶಾಲೆಗಳಲ್ಲಿ, ಎರಡು ಭಾಷೆಗಳಲ್ಲಿ ಓದಿ, ಕೊನೆಗೆ ಒಂದೇ ಪ್ರವೇಶ ಪರೀಕ್ಷೆಯ ತಕ್ಕಡಿಯಲ್ಲಿ ಕೂರುತ್ತಾರೆ.

ಈ ಸ್ಪರ್ಧೆಯಲ್ಲಿ ಗೆದ್ದವರಿಗೂ ಪೂರ್ಣ ಲಾಭವಾಗುತ್ತಿಲ್ಲ. ವಿದ್ಯೆಯು ಹುದ್ದೆಗೆ ಚೀಟಿಯೆಂದಾದಾಗ ಒಬ್ಬನ ಚೀಟಿಗಿಂತ ಇನ್ನೊಬ್ಬನದು ದೊಡ್ಡದಾಗಲೇಬೇಕು. ಮೊದಲು ಹತ್ತನೆಯ ತರಗತಿ ಸಾಕಾಗಿದ್ದ ಕೆಲಸಕ್ಕೆ ಪದವಿ ಬೇಕಾಯಿತು. ಪದವಿ ಸಾಕಾಗಿದ್ದಲ್ಲಿ ಎರಡು ಪದವಿ ಬೇಕಾಯಿತು. ಪಾಠಶಾಲೆಯಲ್ಲಿಯೂ ಕಾಲೇಜಿನಲ್ಲಿಯೂ ಓದಿದ ನಮ್ಮಂತಹವರಿಗೆ ಈ ವೈಚಿತ್ರ್ಯವು ಚೆನ್ನಾಗಿ ತಿಳಿದಿದೆ. ವಿದ್ಯಾಪೀಠದಲ್ಲಿ ಹನ್ನೆರಡು ವರ್ಷಗಳಿಗೆ ಕಡಮೆಯಿಲ್ಲದೆ ಕುಳಿತು ನ್ಯಾಯಸುಧೆಯನ್ನು ಅಧ್ಯಯನಮಾಡಿದವನಿಗೆ ಬ್ಯಾಂಕಿನ ಗುಮಾಸ್ತೆಯ ಅರ್ಜಿಯಲ್ಲಿ ‘ವಿದ್ಯಾರ್ಹತೆ’ ಎಂಬ ಜಾಗವನ್ನು ತುಂಬಲು ಏನೂ ಇರುವುದಿಲ್ಲ. ಪುಸ್ತಕ ಬಿಡಿಸದೆ ಉತ್ತರಗಳನ್ನು ಬಾಯಿಪಾಠ ಮಾಡಿ ಬಿ.ಎ. ಪಡೆದವನಿಗೆ ತುಂಬಲು ಇರುತ್ತದೆ. ಅಂಕಪಟ್ಟಿಯು ಅಳೆಯಲಾರದ ಯೋಗ್ಯತೆಯೂ ಉಂಟೆಂಬುದನ್ನು ನಮ್ಮ ಪಂಡಿತರ ವಿಷಯದಲ್ಲಿ ನಾವು ನೊಂದು ಹೇಳುತ್ತೇವೆ. ಕುಂಬಾರನ, ನೇಯ್ಗೆಯವನ, ಬೇಸಾ‍ಯಗಾರನ ಮಗನೂ ಅದೇ ಮಾತನ್ನು ಹೇಳಿದಾಗ ಕಿವಿಗೊಡುವುದು ನಮ್ಮ ಕರ್ತವ್ಯ.

ಹೀಗಾಗಿ ಸಿದ್ಧಾಂತವಿದು: ಅಂಕವು ಒಂದು ದಿನದ ಸಾಧನೆಯ ಲೆಕ್ಕ. ಅದನ್ನು ಕೆಲಸ ಹಂಚಲು ಉಪಯೋಗಿಸಬಹುದು. ಶಸ್ತ್ರಚಿಕಿತ್ಸೆ ಮಾಡುವವನಿಗೂ ಸೇತುವೆ ಕಟ್ಟುವವನಿಗೂ ಪರೀಕ್ಷೆ ಇರಲೇಬೇಕು. ಆದರೆ ಅಂಕದಿಂದ ಮನುಷ್ಯನ ಯೋಗ್ಯತೆಯನ್ನು ನಿರ್ಣಯಿಸುವುದಾಗಲಿ, ಗೆದ್ದವನು ತನ್ನ ಗೆಲುವೆಲ್ಲ ತನ್ನದೇ ಎಂದು ಭಾವಿಸುವುದಾಗಲಿ ಸಲ್ಲದು. ಸ್ವತಂತ್ರನು ಶ್ರೀಹರಿಯೊಬ್ಬನೇ ಎಂದು ನಿತ್ಯವೂ ಹೇಳುವ ನಾವು, ಪರೀಕ್ಷೆಯ ಫಲಿತಾಂಶ ಬಂದ ದಿನ ಮಾತ್ರ ಸ್ವಾತಂತ್ರ್ಯವನ್ನು ನಮಗೆ ಆರೋಪಿಸಿಕೊಳ್ಳುವುದು ಉಚಿತವಲ್ಲ.

ಕೊನೆಯದಾಗಿ ಫಲ. ವಿಚಾರವು ಆಚಾರಕ್ಕೆ ಬರದಿದ್ದರೆ ವ್ಯರ್ಥ. ನಮ್ಮ ಬಡಾವಣೆಗಳಲ್ಲಿ ದೇವಾಲಯದ ಸಭಾಂಗಣಗಳು ಉತ್ಸವದ ದಿನಗಳನ್ನು ಬಿಟ್ಟರೆ ಸಾಯಂಕಾಲ ಆರರಿಂದ ಎಂಟರವರೆಗೆ ಬಹುಮಟ್ಟಿಗೆ ಬರಿದಾಗಿರುತ್ತವೆ. ಅಲ್ಲಿ ದೀಪವಿದೆ, ಬೀಸಣಿಗೆಯಿದೆ, ಶಾಂತಿಯಿದೆ. ಓದಲು ಜಾಗವಿಲ್ಲದ ನೆರೆಯ ಮಕ್ಕಳಿಗೆ, ಯಾವ ಜಾತಿಯವರೆಂದು ಕೇಳದೆ, ಆ ಎರಡು ಗಂಟೆ ಚಾಪೆ ಹಾಸಿಕೊಡಬಹುದು. ನಿವೃತ್ತ ಅಧ್ಯಾಪಕರೂ ಬ್ಯಾಂಕು-ಕಚೇರಿಗಳಿಂದ ನಿವೃತ್ತರಾದವರೂ ನಮ್ಮಲ್ಲಿ ಅನೇಕರಿದ್ದಾರೆ. ಅವರು ವಾರಕ್ಕೊಂದು ಸಂಜೆ ಲೆಕ್ಕವನ್ನೋ ಇಂಗ್ಲಿಷನ್ನೋ ಹೇಳಿಕೊಟ್ಟರೆ ಏಳು ಮಂದಿಯಿಂದ ಒಂದು ವಾರ ತುಂಬುತ್ತದೆ. ಹಿಂದೆ ಏಳು ಮನೆಗಳು ಸೇರಿ ಒಬ್ಬ ಹುಡುಗನಿಗೆ ವಾರಾನ್ನವನ್ನಿತ್ತುವು. ಈಗ ಏಳು ಮಂದಿ ಸೇರಿ ‘ವಾರಪಾಠ’ವನ್ನೀಯಬಹುದು, ಅಂದು ಮುಚ್ಚಿದ್ದ ಬಾಗಿಲನ್ನೂ ತೆರೆದು. ಮನೆಗೆಲಸದವರಿರುವ ಗೃಹಸ್ಥರು ಅವರ ಮಕ್ಕಳ ಹೆಸರನ್ನೂ ಓದುತ್ತಿರುವ ತರಗತಿಯನ್ನೂ ತಿಳಿದುಕೊಂಡು, ಪರೀಕ್ಷೆಯ ತಿಂಗಳಿನಲ್ಲಿ ಆ ತಾಯಿಗೆ ಸಂಬಳ ಕಡಿಯದೆ ಬೆಳಗಿನ ಒಂದು ಗಂಟೆಯ ವಿರಾಮವನ್ನು ಕೊಡಬಹುದು. ಇದಕ್ಕೆ ಚಂದಾ ಬೇಡ, ರಸೀತಿ ಬೇಡ, ಸಮಿತಿಯೂ ಬೇಡ.

ವಿದ್ಯಾದಾನವನ್ನು ದಾನಗಳಲ್ಲಿ ಉತ್ತಮವೆಂದು ಹಿರಿಯರು ಹೇಳಿದರು. ಪಾತ್ರಾಪಾತ್ರವನ್ನು ನೋಡಿ ದಾನಮಾಡಬೇಕೆಂಬ ಮಾತೂ ಉಂಟು. ಆದರೆ ಕಲಿಯಬೇಕೆಂದು ಬಂದು ಕುಳಿತ ಮಗುವಿಗಿಂತ ಉತ್ತಮವಾದ ಪಾತ್ರವನ್ನು ನಾವು ಕಾಣೆವು. ಅದರ ಸ್ವರೂಪವನ್ನು ಬಲ್ಲವನು ಮೇಲಿದ್ದಾನೆ. ಪಾಠ ಹೇಳುವುದಷ್ಟೇ ನಮ್ಮ ಪಾಲಿನ ಕೆಲಸ. ಅದಕ್ಕೆ ಬೇಕಾದ ಬುದ್ಧಿಯನ್ನೂ ವಿನಯವನ್ನೂ ಹರಿವಾಯುಗುರುಗಳು ಅನುಗ್ರಹಿಸಲಿ.

ಶ್ರೀಕೃಷ್ಣಾರ್ಪಣಮಸ್ತು.